ತೂಕದೊಳಗೆ ಏನಿದೆ? ಟೇಪು, ಕ್ಯಾಲಿಪರ್ ಹಿಡಿದ ನನ್ನ ಅನುಭವ

ಫೆಬ್ರುವರಿ, ಮಾರ್ಚ್ ಬಂತೆಂದರೆ ಕೊಡಗಿನ ಗೋಣಿಕೊಪ್ಪದ ನನ್ನ ಪುಟ್ಟ ಫಿಟ್‌ನೆಸ್ ಕೇಂದ್ರಕ್ಕೆ ಎರಡು ಥರದ ಜನ ಬರುತ್ತಾರೆ. ಕೊಡವ ಮನೆತನಗಳ ನಡುವಿನ ಕೌಟುಂಬಿಕ ಹಾಕಿಗೆ ಮೈ ಹದ ಮಾಡಿಕೊಳ್ಳಲು ಬರುವ ಹುಡುಗರು ಒಂದು ಕಡೆ. 1997ರಲ್ಲಿ ಕರಡದಲ್ಲಿ ಶುರುವಾದ ಆ ಪಂದ್ಯಾವಳಿ ಹತ್ತಿರ ಬಂದಾಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವವರೂ ಸ್ಟಿಕ್ ಹುಡುಕಿ ಹೊರತೆಗೆಯುತ್ತಾರೆ. ಇನ್ನೊಂದು ಕಡೆ, ರೊಬಸ್ಟಾ ಕಾಫಿ ಕೊಯ್ಲು ಮುಗಿದು ಸ್ವಲ್ಪ ಬಿಡುವು ಸಿಕ್ಕವರು: ತೋಟದ ಯಜಮಾನರು, ತೋಟದ ಕೆಲಸ ಮತ್ತು ಲೆಕ್ಕ ನೋಡಿಕೊಳ್ಳುವ ರೈಟರ್‌ಗಳು, ಸೈನ್ಯದಿಂದ ನಿವೃತ್ತರಾಗಿ ಊರಿಗೆ ಬಂದವರು. ಹೆಚ್ಚಿನವರ ಕೈಯಲ್ಲಿ ಯಾವುದೋ ಹೆಲ್ತ್ ಚೆಕಪ್ಪಿನ ಕಾಗದ ಇರುತ್ತದೆ. ಅದರಲ್ಲಿ ಬಿಎಂಐ ಅಂತ ಒಂದು ನಂಬರು. ಪಕ್ಕದಲ್ಲಿ ‘ನಾರ್ಮಲ್’ ಅಥವಾ ‘ಓವರ್‌ವೇಟ್’.

ಆ ಒಂದು ಪದವನ್ನೇ ನಂಬಿ ಕೆಲವರು ಊಟ ಬಿಡುತ್ತಾರೆ, ಕೆಲವರು ನಿಶ್ಚಿಂತೆಯಿಂದ ಇದ್ದುಬಿಡುತ್ತಾರೆ. ಎರಡೂ ನನಗೆ ಸಂಕಟದ ವಿಷಯ. ಅದಕ್ಕೇ ನಾನು ಹೇಗೆ ಅಳೆಯುತ್ತೇನೆ, ಯಾಕೆ ಹಾಗೆ ಅಳೆಯುತ್ತೇನೆ ಅಂತ ವಿವರವಾಗಿ ಬರೆಯುತ್ತಿದ್ದೇನೆ.

ಇಬ್ಬರ ಲೆಕ್ಕದಿಂದ ಶುರು ಮಾಡೋಣ. ಮೊದಲನೆಯವನು 24 ವರ್ಷದ ಹಾಕಿ ಆಟಗಾರ. ಎತ್ತರ 172 ಸೆಂಟಿಮೀಟರ್, ತೂಕ 78 ಕಿಲೋ. ಬಿಎಂಐ ಅಂದರೆ ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸುವುದು, ಅಷ್ಟೇ. ಅವನಿಗೆ 26.4 ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 25 ದಾಟಿದರೆ ಅಧಿಕ ತೂಕ. ಭಾರತೀಯರಿಗಾಗಿ 2009ರಲ್ಲಿ ನಮ್ಮ ತಜ್ಞರು ಒಪ್ಪಿಕೊಂಡ ಗಡಿ ಇನ್ನೂ ಕೆಳಗಿದೆ: 23 ದಾಟಿದರೆ ಅಧಿಕ ತೂಕ, 25ಕ್ಕೆ ಬೊಜ್ಜು. ಹಾಗಾಗಿ ಅವನ ಕಂಪನಿಯ ಚೆಕಪ್ಪಿನಲ್ಲಿ ‘ಬೊಜ್ಜು’ ಅಂತಲೇ ಬರೆದಿದ್ದರು. ಎರಡನೆಯವರು ಅಮ್ಮತ್ತಿ ಕಡೆಯ ಒಂದು ತೋಟದ ರೈಟರ್. ವಯಸ್ಸು 46, ಎತ್ತರ 166, ತೂಕ 60. ಬಿಎಂಐ 21.8. ಇದಕ್ಕಿಂತ ಒಳ್ಳೆ ನಂಬರು ಬೇಕಾ? ಕಾಗದದಲ್ಲಿ ‘ನಾರ್ಮಲ್’.

ಇಬ್ಬರನ್ನೂ ನಾನು ಟೇಪು ಮತ್ತು ಚರ್ಮದ ಮಡಿಕೆಯ ದಪ್ಪ ಅಳೆಯುವ ಕ್ಯಾಲಿಪರ್ ಹಿಡಿದು ಅಳೆದೆ. ಹುಡುಗನ ಸೊಂಟದ ಸುತ್ತಳತೆ 80, ರೈಟರದ್ದು 88. ನಾಲ್ಕು ಕಡೆ ಚರ್ಮದ ಮಡಿಕೆ ಹಿಡಿದು ಕೂಡಿಸಿದರೆ ಹುಡುಗನದು 34 ಮಿಲಿಮೀಟರ್, ರೈಟರದ್ದು 68. ಸೂತ್ರಕ್ಕೆ ಹಾಕಿದಾಗ ಹುಡುಗನ ಮೈಯಲ್ಲಿ ಸುಮಾರು ಶೇ 14 ಕೊಬ್ಬು, ಅಂದರೆ 11 ಕಿಲೋ. ರೈಟರ ಮೈಯಲ್ಲಿ ಸುಮಾರು ಶೇ 29, ಅಂದರೆ 17 ಕಿಲೋ. ಹದಿನೆಂಟು ಕಿಲೋ ಹಗುರ ಇರುವ ಮನುಷ್ಯ ಆರು ಕಿಲೋ ಜಾಸ್ತಿ ಕೊಬ್ಬು ಹೊತ್ತುಕೊಂಡಿದ್ದಾರೆ. ಕಾಗದ ಹೇಳಿದ್ದು ಇಬ್ಬರ ವಿಷಯದಲ್ಲೂ ತಿರುಗುಮುರುಗು.

ರೈಟರಿಗೆ ಇದನ್ನು ಹೇಳಿದಾಗ ಅವರು ನಂಬಲಿಲ್ಲ. “ಸಾರ್, ನಾನು ಸಣ್ಣ ಇದ್ದೀನಲ್ವಾ? ಮನೇಲಿ ಎಲ್ಲರೂ ಇನ್ನೂ ಸ್ವಲ್ಪ ತಿನ್ನಿ ಅಂತಾರೆ” ಅಂದರು. ನಾನು ಅವರಿಗೆ ಗೊತ್ತಿರುವ ಲೆಕ್ಕದಲ್ಲೇ ಕೇಳಿದೆ: “ಚೆರಿ ಮಾರುವಾಗ ಮೂಟೆ ತೂಕ ಮಾತ್ರ ನೋಡಿ ದುಡ್ಡು ಕೊಡ್ತಾರಾ ಅಣ್ಣಾ?” “ಇಲ್ಲ ಸಾರ್, ಓಟಿ ನೋಡ್ತಾರೆ, ಮಾಯಿಶ್ಚರ್ ನೋಡ್ತಾರೆ.” ಚೆರಿ ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು. ಅದರ ಐವತ್ತು ಕಿಲೋ ಮೂಟೆಯಲ್ಲಿ ಬೇಳೆ ಎಷ್ಟು (ಅದೇ ಓಟಿ), ಸಿಪ್ಪೆ ಎಷ್ಟು, ನೀರು ಎಷ್ಟು ಅಂತ ಕೊಡಗಿನಲ್ಲಿ ಪ್ರತಿಯೊಬ್ಬ ಬೆಳೆಗಾರನಿಗೂ ಗೊತ್ತು. ಬಿಎಂಐ ಬರೀ ಮೂಟೆಯ ತೂಕ. ಒಳಗಿನ ಓಟಿ ಅದಕ್ಕೆ ಗೊತ್ತಿಲ್ಲ. ಅವರಿಗೆ ತಕ್ಷಣ ಅರ್ಥವಾಯಿತು.

ಬಿಎಂಐ ಹುಟ್ಟಿದ್ದೇ ಬೇರೆ ಕೆಲಸಕ್ಕೆ. ಬೆಲ್ಜಿಯಂನ ಅಡಾಲ್ಫ್ ಕೆಟಲೆ ಖಗೋಳ ಮತ್ತು ಸಂಖ್ಯಾಶಾಸ್ತ್ರದವನು, ವೈದ್ಯನಲ್ಲ. 1830ರ ದಶಕದಲ್ಲಿ ಅವನು ‘ಸರಾಸರಿ ಮನುಷ್ಯ’ ಹೇಗಿರುತ್ತಾನೆ ಅಂತ ಹುಡುಕುತ್ತಿದ್ದ. ಬೆಳೆದವರಲ್ಲಿ ತೂಕವು ಎತ್ತರದ ವರ್ಗಕ್ಕೆ ತಕ್ಕಂತೆ ಏರುತ್ತದೆ ಅಂತ ಕಂಡುಕೊಂಡ. ಒಬ್ಬನ ಬೊಜ್ಜು ಅಳೆಯುವ ಯೋಚನೆ ಅವನಿಗೆ ಇರಲಿಲ್ಲ. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಮತ್ತು ಜೊತೆಗಾರರು ಐದು ದೇಶಗಳ ಗಂಡಸರ ಅಳತೆ ಇಟ್ಟುಕೊಂಡು, ಇರುವ ಸರಳ ಸೂತ್ರಗಳಲ್ಲಿ ಇದೇ ವಾಸಿ ಅಂತ ತೀರ್ಮಾನಿಸಿ ಬಿಎಂಐ ಅಂತ ಹೆಸರಿಟ್ಟರು. ದೊಡ್ಡ ಗುಂಪುಗಳನ್ನು ಹೋಲಿಸಿ ನೋಡಲು ಅದು ಇವತ್ತಿಗೂ ಒಳ್ಳೆಯದೇ. ತಕ್ಕಡಿ, ಅಳತೆಪಟ್ಟಿ ಇದ್ದರೆ ಸಾಕು. ಒಬ್ಬ ಮನುಷ್ಯನ ಮುಂದೆ ಕೂತು ‘ನಿನ್ನ ಮೈಯಲ್ಲಿ ಇದಿದೆ’ ಅಂತ ಹೇಳಲು ಮಾತ್ರ ಅದು ಸಾಲದು.

ನಮ್ಮ ದೇಶದವರಿಗೆ ಇದು ಇನ್ನೂ ಮುಖ್ಯ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಬ್ಬರು ವೈದ್ಯರು ತಮ್ಮದೇ ಫೋಟೋ ಹಾಕಿ ಒಂದು ಪುಟ್ಟ ಬರಹ ಪ್ರಕಟಿಸಿದರು. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯಡ್ಕಿನ್. ಇಬ್ಬರ ಬಿಎಂಐ ಕೂಡ 22.3. ಕೊಬ್ಬು ಮಾತ್ರ ಯಡ್ಕಿನ್ನರಿಗೆ ಶೇ 9.1, ಯಾಜ್ಞಿಕರಿಗೆ ಶೇ 21.2. ಆ ಬರಹವನ್ನು ನಾನು ಗೋಡೆಗೆ ಅಂಟಿಸಿದ್ದೇನೆ. ‘ನಾರ್ಮಲ್’ ಕಾಗದ ಹಿಡಿದು ಬಂದವರಿಗೆ ಮೊದಲು ಅದನ್ನೇ ತೋರಿಸುತ್ತೇನೆ. ನಮ್ಮವರಲ್ಲಿ ಕೈಕಾಲು ಸಣ್ಣ, ಹೊಟ್ಟೆ ಮುಂದೆ. ಆ ಹೊಟ್ಟೆಯೊಳಗೆ, ಕರುಳು ಮತ್ತು ಲಿವರ್ ಸುತ್ತ ಸೇರುವ ಕೊಬ್ಬೇ ಸಕ್ಕರೆ ಕಾಯಿಲೆಗೂ ಹೃದಯದ ತೊಂದರೆಗೂ ದಾರಿ ಮಾಡುವುದು.

ಹಾಗಾದರೆ ಮೊದಲು ಹಿಡಿಯಬೇಕಾದ್ದು ಟೇಪು. ನನ್ನನ್ನು ಕೇಳಿದರೆ, ಇಡೀ ಕೇಂದ್ರದಲ್ಲಿ ಅತಿ ಬೆಲೆಬಾಳುವ ಸಾಧನ ಅದೇ. ಎಳೆದರೆ ಹಿಗ್ಗದ ಟೇಪು ಆಗಬೇಕು. ದರ್ಜಿಯ ಹಳೇ ಬಟ್ಟೆ ಟೇಪು ಬೇಡ, ವರ್ಷಗಟ್ಟಲೆ ಎಳೆದು ಎಳೆದು ಅದರ ಅಳತೆಯೇ ಬದಲಾಗಿರುತ್ತದೆ. ಪ್ಯಾಂಟಿನ ಸೈಜು ಹೇಳಿ ಮುಗಿಸುವುದೂ ಬೇಡ. ನಮ್ಮ ಗಂಡಸರು ಹೊಟ್ಟೆಯ ಕೆಳಗೆ ಬೆಲ್ಟು ಕಟ್ಟಿ ‘ಮೂವತ್ತೆರಡು’ ಅನ್ನುತ್ತಾರೆ.

ನಾನು ಮಾಡುವುದು ಹೀಗೆ. ಅಂಗಿ ಎತ್ತಿಸಿ, ಪಕ್ಕದಲ್ಲಿ ಕೊನೆಯ ಪಕ್ಕೆಲುಬನ್ನು ಬೆರಳಿನಿಂದ ಹುಡುಕುತ್ತೇನೆ. ಆಮೇಲೆ ಸೊಂಟದ ಮೂಳೆಯ ಮೇಲಂಚು. ಎರಡರ ಮಧ್ಯಕ್ಕೆ ಪೆನ್ನಿನಲ್ಲಿ ಒಂದು ಗುರುತು. ಎರಡೂ ಪಕ್ಕ ಹೀಗೆ ಗುರುತು ಹಾಕಿ, ಅದರ ಮೇಲೆ ಟೇಪು ಸುತ್ತುತ್ತೇನೆ. ನೆಲಕ್ಕೆ ಸಮನಾಗಿ ಇರಬೇಕು, ಬೆನ್ನಿನ ಕಡೆ ಇಳಿದಿರಬಾರದು. ಅದಕ್ಕೇ ಗೋಡೆಗೆ ಒಂದು ಕನ್ನಡಿ ಹಾಕಿಸಿದ್ದೇನೆ. ಟೇಪು ಚರ್ಮಕ್ಕೆ ತಾಗಬೇಕು, ಒಳಗೆ ಒತ್ತಬಾರದು. ಪಾದ ಜೋಡಿಸಿ, ಕೈ ಸಡಿಲ ಬಿಟ್ಟು ನಿಲ್ಲಲಿ. “ಸುಮ್ನೆ ಉಸಿರಾಡಿ” ಅಂತೀನಿ. ಯಾಕೆಂದರೆ ಟೇಪು ತಾಗಿದ ಕೂಡಲೇ ಎಲ್ಲರೂ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ಏನಾದರೂ ಮಾತಿಗೆಳೆದರೆ ತಾನಾಗೇ ಸಡಿಲವಾಗುತ್ತಾರೆ. ಈ ಸಲ ಕರಿಮೆಣಸು ಹೇಗೆ ಅಂತ ಕೇಳಿದರೆ ಸಾಕು, ಹೊಟ್ಟೆ ಮರೆತೇಹೋಗುತ್ತದೆ. ಮಾಮೂಲಿ ಉಸಿರು ಬಿಟ್ಟ ಕೊನೆಯಲ್ಲಿ ನಂಬರು ಓದಬೇಕು. ಎರಡು ಸಲ ಅಳೆಯುತ್ತೇನೆ. ಒಂದು ಸೆಂಟಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಎರಡನ್ನೂ ಬಿಟ್ಟು ಮತ್ತೆ ಮೊದಲಿಂದ.

ಭಾರತೀಯ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಗಡಿ ಅಂತ ಇದೆ. ಆದರೆ ನಮ್ಮ ರೈಟರನ್ನೇ ನೋಡಿ. ಅವರ ಸೊಂಟ 88, ಆ ಗಡಿಯೊಳಗೇ ಇದ್ದಾರೆ. ಎತ್ತರ ಕಡಿಮೆ ಇರುವವರು ಹೀಗೆ ತಪ್ಪಿಸಿಕೊಳ್ಳುತ್ತಾರೆ. ಅದಕ್ಕೆ ನಾನು ಸೊಂಟವನ್ನು ಎತ್ತರದಿಂದ ಭಾಗಿಸಿ ನೋಡುತ್ತೇನೆ. ಅರ್ಧ ದಾಟಬಾರದು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2022ರಲ್ಲಿ ಇದನ್ನೇ ಹೇಳಿತು: ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ. ರೈಟರದ್ದು 0.53, ಹಾಕಿ ಹುಡುಗನದು 0.47. ಈ ಲೆಕ್ಕಕ್ಕೆ ಟೇಪೂ ಬೇಡ, ಒಂದು ಹಗ್ಗ ಸಾಕು. ನಿಮ್ಮ ಎತ್ತರಕ್ಕೆ ಹಗ್ಗ ಕತ್ತರಿಸಿ, ಅದನ್ನು ಎರಡಾಗಿ ಮಡಿಸಿ ಸೊಂಟಕ್ಕೆ ಸುತ್ತಿ. ತುದಿಗಳು ಕೂಡದಿದ್ದರೆ ಡಾಕ್ಟರ ಹತ್ತಿರ ಒಮ್ಮೆ ಹೋಗಿ ಬನ್ನಿ.

ರೈಟರನ್ನೂ ಹಾಗೆ ಕಳಿಸಿದೆ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆಯಲ್ಲಿ 6.1 ಬಂತು. 5.7ರಿಂದ 6.4ರವರೆಗೆ ಸಕ್ಕರೆ ಕಾಯಿಲೆಯ ಹೊಸ್ತಿಲು ಅಂತ ಲೆಕ್ಕ.

ಇನ್ನು ಕ್ಯಾಲಿಪರ್. ಇದು ಚಿಮಟದಂಥ ಸಾಧನ, ತುದಿಯಲ್ಲಿ ಪ್ರತಿ ಚದರ ಮಿಲಿಮೀಟರಿಗೆ 10 ಗ್ರಾಂ ಒತ್ತಡ ಸಮನಾಗಿ ಬೀಳುವಂತೆ ಮಾಡಿರುತ್ತಾರೆ. ತೋಳಿನ ಮುಂದೆ, ತೋಳಿನ ಹಿಂದೆ, ಹೆಗಲಮೂಳೆಯ ಕೆಳಗೆ, ಸೊಂಟದ ಮೂಳೆಯ ಮೇಲೆ, ಹೀಗೆ ನಾಲ್ಕು ಜಾಗ. ಯಾವಾಗಲೂ ಬಲಗಡೆಯೇ. ತೋಳಿನ ಹಿಂದಿನ ಜಾಗಕ್ಕೆ, ಭುಜದ ಮೂಳೆಯ ತುದಿಯಿಂದ ಮೊಣಕೈ ತುದಿಯವರೆಗೆ ಟೇಪು ಹಿಡಿದು ಸರಿಯಾಗಿ ನಡುವೆ ಗುರುತು ಹಾಕುತ್ತೇನೆ. ಕಣ್ಣಂದಾಜು ಸಾಲದು, ಎರಡು ಸೆಂಟಿಮೀಟರ್ ಆಚೀಚೆ ಆದರೂ ಅಳತೆ ಬೇರೆಯಾಗುತ್ತದೆ. ಹೆಬ್ಬೆರಳು, ತೋರುಬೆರಳಿನಲ್ಲಿ ಚರ್ಮವನ್ನೂ ಅದರಡಿಯ ಕೊಬ್ಬನ್ನೂ ಹಿಡಿದು ಎತ್ತಬೇಕು. ಮಾಂಸಖಂಡ ಜೊತೆಗೆ ಬಂದಿದೆಯಾ ಅಂತ ಅನುಮಾನ ಬಂದರೆ ತೋಳು ಬಿಗಿ ಮಾಡಿ ಅನ್ನುತ್ತೇನೆ. ಬಿಗಿ ಮಾಡಿದಾಗ ಅದು ಬೆರಳಿನಿಂದ ಜಾರಿಕೊಳ್ಳುತ್ತದೆ. ಬೆರಳಿಗಿಂತ ಒಂದು ಸೆಂಟಿಮೀಟರ್ ಕೆಳಗೆ ಕ್ಯಾಲಿಪರ್ ಹಾಕಿ, ಮಡಿಕೆ ಬಿಡದೆ ಎರಡು ಸೆಕೆಂಡ್ ಕಾದು ಓದುವುದು. ನಾಲ್ಕು ಜಾಗ ಒಂದು ಸುತ್ತು ಮುಗಿಸಿ, ಆಮೇಲೆ ಎರಡನೇ ಸುತ್ತು. ಒಂದೇ ಜಾಗವನ್ನು ಸಾಲಾಗಿ ಹಿಂಡಿದರೆ ಕೊಬ್ಬು ಅದುಮಿಕೊಂಡು ನಂಬರು ಇಳಿಯುತ್ತಾ ಹೋಗುತ್ತದೆ.

ಬೆವರಿದ ಮೈಯಲ್ಲಿ ಈ ಕೆಲಸ ಆಗುವುದಿಲ್ಲ. ಚರ್ಮ ಜಾರುತ್ತದೆ, ವ್ಯಾಯಾಮದ ನಂತರ ರಕ್ತ ಹರಿದು ಮಡಿಕೆ ದಪ್ಪವಾಗಿರುತ್ತದೆ. ಬೆಳಿಗ್ಗೆ, ಆಟಕ್ಕೆ ಮುಂಚೆ ಬನ್ನಿ ಅನ್ನುತ್ತೇನೆ. ಹೆಣ್ಣುಮಕ್ಕಳನ್ನು ಅಳೆಯುವುದು ನನ್ನ ಜೊತೆ ಕೆಲಸ ಮಾಡುವ ಅಕ್ಕ. ಬೇರೆ ಕೋಣೆ, ಬಾಗಿಲು ಹಾಕಿ. ನಂಬರನ್ನು ಕೂಗಿ ಹೇಳುವ ಪದ್ಧತಿ ನಮ್ಮಲ್ಲಿ ಇಲ್ಲ.

ಈ ನಾಲ್ಕು ಮಡಿಕೆಗಳ ಸೂತ್ರ 1974ರಲ್ಲಿ ಗ್ಲಾಸ್ಗೋದ ಡರ್ನಿನ್ ಮತ್ತು ವೊಮರ್ಸ್ಲಿ ಮಾಡಿದ್ದು. ಜನರನ್ನು ನೀರಿನಲ್ಲಿ ಮುಳುಗಿಸಿ ತೂಗಿ, ದೇಹದ ಸಾಂದ್ರತೆಯನ್ನು ಮಡಿಕೆಗಳ ಜೊತೆ ಹೊಂದಿಸಿದರು. ಸಾಂದ್ರತೆ ಗೊತ್ತಾದರೆ, 495ನ್ನು ಅದರಿಂದ ಭಾಗಿಸಿ 450 ಕಳೆದರೆ ಕೊಬ್ಬಿನ ಶೇಕಡಾವಾರು. ಕೊಬ್ಬಿನ ಸಾಂದ್ರತೆ 0.9, ಉಳಿದ ದೇಹದ್ದು 1.1 ಅಂತ ಇಟ್ಟುಕೊಂಡು ಮಾಡಿದ ಲೆಕ್ಕ ಇದು. ಎಲ್ಲರ ಮೂಳೆ, ಮಾಂಸ ಒಂದೇ ಥರ ಇರುವುದಿಲ್ಲ. ಗ್ಲಾಸ್ಗೋದವರ ಸೂತ್ರ ಗೋಣಿಕೊಪ್ಪದವರಿಗೆ ಯಥಾವತ್ ಹೊಂದಬೇಕು ಅಂತಲೂ ಇಲ್ಲ. ಶೇ 3ರಿಂದ 5ರಷ್ಟು ಆಚೀಚೆ ಆಗುವುದು ಸಹಜ. ಹಾಗಾಗಿ ಶೇಕಡಾವಾರನ್ನು ನಾನು ಅಂದಾಜು ಅಂತಲೇ ಹೇಳುತ್ತೇನೆ. ಪುಸ್ತಕದಲ್ಲಿ ದೊಡ್ಡದಾಗಿ ಬರೆಯುವುದು ಮಿಲಿಮೀಟರ್ ಮೊತ್ತವನ್ನು. ಅದಕ್ಕೆ ಯಾವ ಸೂತ್ರವೂ ಬೇಡ, ಯಾವ ಊರಿನ ಹಂಗೂ ಇಲ್ಲ. ಅದೇ ಕೈ, ಅದೇ ಜಾಗ, ಅದೇ ಹೊತ್ತು ಇದ್ದರೆ ಇಳಿದಿದೆಯೋ ಏರಿದೆಯೋ ನಿಚ್ಚಳವಾಗಿ ಕಾಣುತ್ತದೆ.

ಹಾಕಿ ಹುಡುಗ ಮೊದಲ ಸಲ ಬಂದಾಗ ಅವನ ಮೊತ್ತ 46 ಇತ್ತು, ತೂಕ 79. ಟೂರ್ನಿ ಹೊತ್ತಿಗೆ 34ಕ್ಕೆ ಇಳಿದಿತ್ತು, ತೂಕ 78; ಶುರುವಿನಲ್ಲಿ ನಾನು ಹೇಳಿದ್ದು ಈ ಅಳತೆಯನ್ನೇ. ತಕ್ಕಡಿ ಮಾತ್ರ ನೋಡಿದ್ದರೆ “ಇಷ್ಟು ಓಡಿದ್ರೂ ಒಂದೇ ಕಿಲೋನಾ ಸಾರ್?” ಅಂತ ಕುಗ್ಗಿಹೋಗುತ್ತಿದ್ದ. ಕೊಬ್ಬು ಹೋದ ಜಾಗಕ್ಕೆ ತೊಡೆಯಲ್ಲಿ ಮಾಂಸಖಂಡ ಬಂದಿತ್ತು. ಕೊಬ್ಬು ಕರಗಿಸಬೇಕು ಅಂತ ಪಂದಿಕರಿ (ಹಂದಿಮಾಂಸದ ಸಾರು) ಬಿಟ್ಟು ಬರೀ ಸೌತೆಕಾಯಿ ತಿನ್ನಲು ಹೊರಟಿದ್ದವನನ್ನು ತಡೆದಿದ್ದು ಒಳ್ಳೆಯದೇ ಆಯಿತು. ಮಾಂಸಖಂಡ ಕಟ್ಟುವ ಹೊತ್ತಲ್ಲಿ ಪ್ರೋಟೀನ್ ಬಿಟ್ಟರೆ ಹೇಗೆ? ಎಣ್ಣೆ, ನೆಣ ಕಡಿಮೆ ಮಾಡು, ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಎರಡು ಕಮ್ಮಿ ತಿನ್ನು ಅಂದಿದ್ದೆ, ಅಷ್ಟೇ.

ಮನೆಗೊಂದು ಮೆಷಿನ್ ತಗೋಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಬರಿಗಾಲಲ್ಲಿ ನಿಂತರೆ ಕೊಬ್ಬು, ನೀರು, ಮೂಳೆ ಎಲ್ಲ ತೋರಿಸುವ ತಕ್ಕಡಿಗಳಿವೆಯಲ್ಲ, ಅವು. ಒಂದು ನನ್ನ ಬಳಿಯೂ ಇದೆ. ಅದು ಕೊಬ್ಬನ್ನು ನೇರವಾಗಿ ನೋಡುವುದಿಲ್ಲ. ಮೈಗೆ ತಿಳಿಯದಷ್ಟು ಸಣ್ಣ ವಿದ್ಯುತ್ ಹರಿಸಿ ತಡೆ ಎಷ್ಟಿದೆ ಅಂತ ಅಳೆಯುತ್ತದೆ. ನೀರು, ಉಪ್ಪು ತುಂಬಿದ ಮಾಂಸಖಂಡದಲ್ಲಿ ವಿದ್ಯುತ್ ಸಲೀಸಾಗಿ ಹೋಗುತ್ತದೆ, ಕೊಬ್ಬಿನಲ್ಲಿ ಹೋಗುವುದಿಲ್ಲ. ಆ ತಡೆಯಿಂದ ಮೈಯ ನೀರನ್ನು ಅಂದಾಜಿಸಿ, ನಾವೇ ತುಂಬಿದ ಎತ್ತರ, ವಯಸ್ಸು, ಗಂಡೋ ಹೆಣ್ಣೋ ಎಂಬುದನ್ನೂ ಸೇರಿಸಿ ಸೂತ್ರಕ್ಕೆ ಹಾಕಿ ಉತ್ತರ ಹೇಳುತ್ತದೆ. ಬರೀ ಪಾದಕ್ಕೆ ತಾಗುವ ತಕ್ಕಡಿಯಲ್ಲಿ ವಿದ್ಯುತ್ ಒಂದು ಕಾಲಿನಿಂದ ಹತ್ತಿ ಇನ್ನೊಂದರಲ್ಲಿ ಇಳಿಯುತ್ತದೆ. ನಮಗೆ ಬೇಕಾದ ಹೊಟ್ಟೆಯ ವಿಷಯ ಅದಕ್ಕೆ ಸರಿಯಾಗಿ ಸಿಗುವುದೇ ಇಲ್ಲ.

ಕೊಡಗಿನ ಮಳೆಗಾಲದಲ್ಲಿ ಇದರ ಆಟ ನೋಡಬೇಕು. ಜುಲೈ ತಿಂಗಳ ಜಡಿಮಳೆಯಲ್ಲಿ ತೋಟದಿಂದ ನೇರ ಬಂದು, ಗಂಬೂಟು ಬಿಚ್ಚಿ, ತಣ್ಣಗೆ ಸುಕ್ಕುಗಟ್ಟಿದ ಪಾದ ಇಟ್ಟರೆ ಕೊಬ್ಬು ಜಾಸ್ತಿ ತೋರಿಸುತ್ತದೆ. ತಣ್ಣಗಿನ ಚರ್ಮದಲ್ಲಿ ತಡೆ ಹೆಚ್ಚು. ಅದೇ ಮನುಷ್ಯ ಓಡಿ, ಮೈ ಬಿಸಿಯಾದ ಮೇಲೆ ನಿಂತರೆ ಕಡಿಮೆ ತೋರಿಸುತ್ತದೆ. ಒಂದು ಗಂಟೆಯಲ್ಲಿ ಯಾರ ಕೊಬ್ಬೂ ಹಾಗೆ ಬದಲಾಗುವುದಿಲ್ಲವಲ್ಲ! ಮೆಷಿನ್ ಇದ್ದವರು ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ತಿನ್ನುವ ಮುಂಚೆ, ಪಾದ ಒರೆಸಿ ಬೆಚ್ಚಗೆ ಮಾಡಿಕೊಂಡು ನಿಲ್ಲಿ. ಒಂದು ದಿನದ ನಂಬರು ನೋಡಬೇಡಿ, ಕೆಲವು ವಾರಗಳ ಓಟ ನೋಡಿ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಅದರ ಮೇಲೆ ಹತ್ತಲೇಬಾರದು. ಡೆಕ್ಸಾ ಸ್ಕ್ಯಾನ್ ಇನ್ನೂ ನಿಖರ. ಎರಡು ಬಗೆಯ ಎಕ್ಸ್‌ರೇ ಹಾಯಿಸಿ ಮೂಳೆ, ಕೊಬ್ಬು, ಉಳಿದದ್ದನ್ನು ಬೇರೆ ಮಾಡಿ ತೋರಿಸುತ್ತದೆ. ಆದರೆ ಅದಕ್ಕಾಗಿ ಬೆಂಗಳೂರಿಗೆ ಹೋಗಿ ದುಡ್ಡು ಸುರಿಯುವ ಅಗತ್ಯ ಹೆಚ್ಚಿನವರಿಗೆ ಇಲ್ಲ.

ನನಗೆ ಹೆಚ್ಚು ಕಾಳಜಿ ಇರುವುದು ಹಿರಿಯರ ವಿಷಯದಲ್ಲಿ. ಪೊನ್ನಂಪೇಟೆ ಕಡೆಯ ನಿವೃತ್ತ ಸುಬೇದಾರ್ ಒಬ್ಬರು ಬಂದರು. ವಯಸ್ಸು ಎಪ್ಪತ್ತು ದಾಟಿದೆ. “ರಿಟೈರ್ ಆದ ದಿನ 68 ಕಿಲೋ, ಇವತ್ತೂ 68. ಒಂದು ಗ್ರಾಂ ಹೆಚ್ಚಾಗಿಲ್ಲ” ಅಂತ ಹೆಮ್ಮೆಯಿಂದ ಹೇಳಿದರು. ಎತ್ತರ ಅಳೆದೆ, 169. ಸೈನ್ಯಕ್ಕೆ ಸೇರಿದಾಗಿನ ದಾಖಲೆಯಲ್ಲಿ 173. ವಯಸ್ಸಾದಂತೆ ಬೆನ್ನುಮೂಳೆ ಕುಗ್ಗುತ್ತದೆ. ತೂಕ ಅದೇ ಇದ್ದರೂ ಬಿಎಂಐ 22.7ರಿಂದ 23.8ಕ್ಕೆ ಏರುತ್ತದೆ. ಆದರೆ ನನ್ನ ಕಣ್ಣಿಗೆ ಬಿದ್ದದ್ದು ಅವರ ಪ್ಯಾಂಟು. ಸೊಂಟದಲ್ಲಿ ಬೆಲ್ಟು ಎರಡು ತೂತು ಹೊರಗೆ ಬಂದಿತ್ತು, ತೊಡೆಯ ಕಡೆ ಬಟ್ಟೆ ಸಡಿಲವಾಗಿ ನೇತಾಡುತ್ತಿತ್ತು. ಕಾಲಿನ ಮಾಂಸ ಕರಗಿ ಅಷ್ಟೇ ತೂಕದ ಕೊಬ್ಬು ಹೊಟ್ಟೆಗೆ ಬಂದಿದೆ. ತಕ್ಕಡಿಗೆ ಇದು ಕಾಣುವುದೇ ಇಲ್ಲ.

“ಅಂಕಲ್, ಮೀನಖಂಡ ಒಮ್ಮೆ ಅಳೆಯೋಣ” ಅಂದೆ. 32 ಸೆಂಟಿಮೀಟರ್. ಏಷ್ಯಾದವರಿಗಾಗಿ 2019ರಲ್ಲಿ ತಜ್ಞರು ಕೊಟ್ಟ ಗಡಿ ಗಂಡಸರಿಗೆ 34, ಹೆಂಗಸರಿಗೆ 33. ಅದಕ್ಕಿಂತ ಕಡಿಮೆ ಇದ್ದರೆ ಮಾಂಸಖಂಡ ಸವೆಯುತ್ತಿದೆಯಾ ಅಂತ ನೋಡಬೇಕು. ಆಮೇಲೆ ಕೈ ಎದೆಗೆ ಕಟ್ಟಿಸಿ, ಕುರ್ಚಿಯಿಂದ ಐದು ಸಲ ಎದ್ದು ಕೂರಿಸಿದೆ. 12 ಸೆಕೆಂಡಿನೊಳಗೆ ಆಗಬೇಕು, ಅವರಿಗೆ 15 ಹಿಡಿಯಿತು. ನಾಲ್ಕನೇ ಸಲ ಏಳುವಾಗ ಕೈ ತಾನಾಗೇ ಕುರ್ಚಿಯ ಹಿಡಿ ಹುಡುಕಿತು. ಅವರಿಗೆ ತೂಕ ಇಳಿಸಿ ಅಂತ ಹೇಳುವುದು ಅಪಾಯ. ಊಟ ಕಡಿಮೆ ಮಾಡಿದರೆ ಇರುವ ಮಾಂಸವೂ ಹೋಗಿ ಎಲ್ಲಾದರೂ ಬಿದ್ದು ಮೂಳೆ ಮುರಿದುಕೊಳ್ಳುತ್ತಾರೆ. ಅದಕ್ಕೆ ಮೊಟ್ಟೆ, ಕಾಳು, ಮೀನು ಹೆಚ್ಚು ಮಾಡಿಸಿ, ಕುರ್ಚಿಯಿಂದ ಏಳುವ ಅದೇ ಪರೀಕ್ಷೆಯನ್ನು ದಿನದ ವ್ಯಾಯಾಮ ಮಾಡಿಸಿದೆ.

ಇಷ್ಟೆಲ್ಲ ಹೇಳಿದೆ ಅಂತ ಬಿಎಂಐಯನ್ನು ಬಿಸಾಡಬೇಡಿ. ತೋಟದ ಲೈನ್ ಮನೆಗಳಲ್ಲಿರುವ ಕೂಲಿ ಹೆಂಗಸರನ್ನು ಅಳೆದಾಗ ಕೆಲವರದು 18.5ಕ್ಕಿಂತ ಕೆಳಗೆ ಬರುತ್ತದೆ. ಅಲ್ಲಿ ಆ ನಂಬರು ಹೇಳುವುದು ನಿಜವೇ: ಹೊಟ್ಟೆಗೆ ಸಾಲುತ್ತಿಲ್ಲ. ಅವರಿಗೆ ಕ್ಯಾಲಿಪರ್ ಹಿಡಿಯುವ ಅಗತ್ಯವಿಲ್ಲ, ರಕ್ತಹೀನತೆ ಪರೀಕ್ಷೆ ಮಾಡಿಸಬೇಕು, ಊಟ ಸರಿಮಾಡಬೇಕು. 2025ರ ಜನವರಿಯಲ್ಲಿ ಲ್ಯಾನ್ಸೆಟ್‌ನ ತಜ್ಞರ ಆಯೋಗವೂ ಬಿಎಂಐ ಬೇಡ ಅನ್ನಲಿಲ್ಲ. ಅದೊಂದನ್ನೇ ನಂಬಿ ಒಬ್ಬರಿಗೆ ಬೊಜ್ಜು ಅಂತ ತೀರ್ಮಾನ ಕೊಡಬೇಡಿ, ಸೊಂಟದ ಸುತ್ತಳತೆಯಂಥ ಇನ್ನೊಂದು ಅಳತೆಯಿಂದ ಖಚಿತ ಮಾಡಿಕೊಳ್ಳಿ ಅಂತ ಹೇಳಿತು.

ಬೇಸಿಗೆ ರಜೆಯ ಹಾಕಿ ಶಿಬಿರದ ಮಕ್ಕಳಿಗೆ ನಾನು ಕೊಬ್ಬಿನ ಲೆಕ್ಕ ಹೇಳುವುದೇ ಇಲ್ಲ. ಹದಿನೆಂಟರೊಳಗಿನವರಿಗೆ ದೊಡ್ಡವರ ಗಡಿಗಳು ಹೊಂದುವುದಿಲ್ಲ, ವಯಸ್ಸಿಗೆ ತಕ್ಕ ಪಟ್ಟಿ ಬೇರೆ ಇದೆ. ಹದಿಮೂರು ಹದಿನಾಲ್ಕರ ಹುಡುಗಿಗೆ ಎಲ್ಲರ ಮುಂದೆ ಒಂದು ನಂಬರು ಹೇಳಿದರೆ ಅವಳು ಮಾರನೇ ದಿನದಿಂದ ಊಟ ಬಿಡುತ್ತಾಳೆ. ಪೋಷಕರು ಕೇಳಿದರೂ ನಾನು ಕೊಡುವುದು ಎತ್ತರ, ತೂಕ, ಓಟದ ಸಮಯ ಮಾತ್ರ.

ನಮ್ಮ ರೈಟರ ವಿಷಯಕ್ಕೆ ಬಂದರೆ, ಅವರಿಗೆ ತೂಕ ಇಳಿಸುವ ಗುರಿ ಕೊಡಲಿಲ್ಲ. ಜೀಪು ಬಿಟ್ಟು ತೋಟ ನಡೆದೇ ನೋಡಿ ಅಂದೆ. ವಾರಕ್ಕೆ ಮೂರು ದಿನ ನನ್ನಲ್ಲಿ ಭಾರ ಎತ್ತುವ ವ್ಯಾಯಾಮ. ರಾತ್ರಿ ಅನ್ನ ಅರ್ಧ, ಪಲ್ಯ ದುಪ್ಪಟ್ಟು. ಮುಂದಿನ ಮಳೆ ಹಿಡಿಯುವ ಹೊತ್ತಿಗೆ ಸೊಂಟ 84ಕ್ಕೆ ಬಂತು, ಮಡಿಕೆ ಮೊತ್ತ 55. ತೂಕ 59. ಬಿಎಂಐ ಹೆಚ್ಚುಕಡಿಮೆ ಅಲ್ಲೇ. ಸೊಂಟ ಇನ್ನೂ ಎತ್ತರದ ಅರ್ಧಕ್ಕಿಂತ ಒಂದು ಸೆಂಟಿಮೀಟರ್ ಜಾಸ್ತಿ ಇದೆ, ಹಾಗಾಗಿ ಕೆಲಸ ಮುಂದುವರಿದಿದೆ. ವಾರ ವಾರ ಅಳೆಯಿರಿ ಅಂತ ಅವರ ಒತ್ತಾಯ. ನಾನು ಒಪ್ಪುವುದಿಲ್ಲ. ವಾರದಲ್ಲಿ ಕಾಣುವ ಅರ್ಧ ಸೆಂಟಿಮೀಟರ್ ನನ್ನ ಕೈಯದೋ ಅವರ ಹೊಟ್ಟೆಯದೋ ಹೇಳಲು ಆಗುವುದಿಲ್ಲ. ಸೊಂಟ ತಿಂಗಳಿಗೊಮ್ಮೆ, ಮಡಿಕೆ ಎರಡು ತಿಂಗಳಿಗೊಮ್ಮೆ, ರಕ್ತಪರೀಕ್ಷೆ ಡಾಕ್ಟರು ಹೇಳಿದಾಗ. ಪುಸ್ತಕದಲ್ಲಿ ನಂಬರಿನ ಪಕ್ಕ ತಾರೀಕು, ಹೊತ್ತು, ಅಳೆದವರು ಯಾರು ಅಂತಲೂ ಬರೆದಿಡುತ್ತೇವೆ.